ಬಳ್ಳಾರಿ ಪೇಟೆಗೂ ಊರಂಚಿನ ಬಡಾವಣೆಗಳಿಗೂ ಇರುವ ನಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಲ್ ಸರ್ಕಲ್‌ನಲ್ಲಿ ನಿಂತರೆ ಕಾಣುವ ಬಳ್ಳಾರಿಯೇ ಬೇರೆ, ಗುಗ್ಗರಹಟ್ಟಿಯ ಕೊನೆಯ ಓಣಿಯಲ್ಲಿ ನಿಂತರೆ ಕಾಣುವ ಬಳ್ಳಾರಿಯೇ ಬೇರೆ. ಅಂಚಿನ ಬಡಾವಣೆಗಳಲ್ಲಿ ಮನೆ ಮಾಡಿದವರು, ಅಲ್ಲಿ ಸೈಟು ತಗೊಳ್ಳಬೇಕು ಅಂತಿರುವವರು, ಪೇಟೆಯಲ್ಲಿ ಅಂಗಡಿ ಇಟ್ಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪೇಟೆ ನಡೆಯುತ್ತಿರುವುದು ಅಂಚಿನವರ ದುಡಿಮೆಯಿಂದ. ನೀರು, ರಸ್ತೆ, ಚರಂಡಿ ಹಂಚುವಾಗ ಮಾತ್ರ ಅಂಚಿನ ಸರದಿ ಕೊನೆಗೆ ಬರುತ್ತದೆ. ಯಾವ ಜಾಗ ಯಾರ ಲೆಕ್ಕಕ್ಕೆ ಸೇರುತ್ತದೆ ಅನ್ನುವುದು ಕಡತಗಳಲ್ಲಿ ತೀರ್ಮಾನವಾಗುತ್ತದೆ. ಸರಿಪಡಿಸುವ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.

ಬಳ್ಳಾರಿಯಲ್ಲಿ ಕೈಗಾರಿಕೆ ಮುಗಿಯಿತು ಅನ್ನುವುದು ಸರೀನಾ? ಪಕ್ಕದಲ್ಲೇ ಉಕ್ಕಿನ ಕಾರ್ಖಾನೆ ಇದೆಯಲ್ಲ?

ಜಿಲ್ಲೆಯಲ್ಲಿ ಮುಗಿದಿಲ್ಲ. ಪೇಟೆಯೊಳಗೆ ಬಹುಮಟ್ಟಿಗೆ ಮುಗಿದಿದೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಉಕ್ಕಿನ ಕೆಲಸ ಊರಿಂದ ಸುಮಾರು 30 ಕಿ.ಮೀ. ದೂರದ ತೋರಣಗಲ್ಲಿನಲ್ಲಿದೆ. ಕುಡತಿನಿ ಹತ್ತಿರ 1,700 ಮೆಗಾವ್ಯಾಟ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇದೆ. ಸಣ್ಣಪುಟ್ಟ ಘಟಕಗಳು ಮುಂಡ್ರಿಗಿ ಕೈಗಾರಿಕಾ ಪ್ರದೇಶಕ್ಕೆ ಹೋಗಿವೆ. ಅಂದರೆ ಹೊಗೆ, ಧೂಳು, ಲಾರಿ, ಕೂಲಿ ಎಲ್ಲವೂ ಊರಿನ ಹೊರಗೆ. ಅದರಿಂದ ಬರುವ ದುಡ್ಡು ಖರ್ಚಾಗುವ ಜಾಗ ಮಾತ್ರ ಪೇಟೆ: ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ನರ್ಸಿಂಗ್ ಹೋಂ, ಲಾಡ್ಜು, ಕೋಚಿಂಗ್ ಕ್ಲಾಸು, ಬ್ಯಾಂಕು.

ಮೊದಲು ಪೇಟೆ ಹೇಗಿತ್ತು?

ಬಳ್ಳಾರಿ ಬ್ರಿಟಿಷರ ಕೈಗೆ ಬಂದದ್ದು 1800ರಲ್ಲಿ. ಆಮೇಲೆ ಇಲ್ಲಿ ದೊಡ್ಡ ದಂಡು ಪ್ರದೇಶ ಬೆಳೆಯಿತು. ಕೋಟೆ ಗುಡ್ಡದ ಬುಡದಲ್ಲಿ ಹಳೆ ಊರು, ಅದಕ್ಕೆ ಅಂಟಿಕೊಂಡು ಬ್ರೂಸ್‌ಪೇಟೆ, ದಂಡಿನ ಕಡೆಗೆ ಕೌಲ್ ಬಜಾರ್. ಸೈನ್ಯಕ್ಕೆ ಬೇಕಾದ ಕಾಳುಕಡಿ, ಚರ್ಮದ ಸಾಮಾನು, ಹೊಲಿಗೆ ಎಲ್ಲ ಕೌಲ್ ಬಜಾರ್ ಕಡೆಯಿಂದ. ರೈಲು ಬಂದ ಮೇಲೆ ಹತ್ತಿ ವ್ಯಾಪಾರ ಏರಿತು. ಸುತ್ತಲಿನ ಎರೆ ಹೊಲಗಳ ಹತ್ತಿ ಇಲ್ಲಿಗೇ ಬರುತ್ತಿತ್ತು. ಹತ್ತಿ ಬಿಡಿಸುವ ಜಿನ್ನುಗಳು, ಅಂಡಿಗೆ ಕಟ್ಟುವ ಪ್ರೆಸ್ಸುಗಳು, 19ನೇ ಶತಮಾನ ಮುಗಿಯುವ ಹೊತ್ತಿಗೆ ಒಂದು ನೂಲಿನ ಗಿರಣಿ ಕೂಡ ಇತ್ತು.

ಆಗ ಕೆಲಸಗಾರನ ಮನೆ ಕೆಲಸದ ಜಾಗದಿಂದ ನಡೆದು ಹೋಗುವಷ್ಟು ಹತ್ತಿರ ಇರುತ್ತಿತ್ತು. ಜಿನ್ನಿನ ಕೂಲಿ, ಹಮಾಲ, ಗಾಡಿ ಹೊಡೆಯುವವ, ಶೇಂಗಾ ಗಿರಣಿಯವ ಎಲ್ಲರೂ ಪೇಟೆಯ ಸುತ್ತಲಿನ ಓಣಿಗಳಲ್ಲೇ. ಬಡತನ ಇತ್ತು, ಇಕ್ಕಟ್ಟು ಇತ್ತು. ಆದರೆ ಸಾಹುಕಾರನ ಮನೆಯ ನಲ್ಲಿಗೂ ಹಮಾಲನ ಓಣಿಯ ನಲ್ಲಿಗೂ ಫರ್ಲಾಂಗಿನ ದೂರ ಅಷ್ಟೇ. ಒಂದು ಪೈಪು ಒಡೆದರೆ ಇಬ್ಬರಿಗೂ ನೀರಿಲ್ಲ. ಸಾಹುಕಾರ ಕೂಗಿದರೆ ಇಬ್ಬರಿಗೂ ನೀರು ಬರುತ್ತಿತ್ತು. ಈಗ ಇಬ್ಬರ ಪೈಪು ಬೇರೆ, ಟ್ಯಾಂಕು ಬೇರೆ. ಎಷ್ಟೋ ಕಡೆ ದೂರು ಕೊಡಬೇಕಾದ ಕಚೇರಿಯೂ ಬೇರೆ.

ಗಣಿಗಾರಿಕೆ ಜೋರಾಗಿದ್ದಾಗ ಬಂದ ದುಡ್ಡು ಊರಿಗೆ ಏನು ಮಾಡಿತು?

2000ದ ನಂತರ ಚೀನಾದಲ್ಲಿ ಅದಿರಿಗೆ ಬೇಡಿಕೆ ಏರಿತು. ಸಂಡೂರು, ಹೊಸಪೇಟೆ ಕಡೆಯ ಗಣಿಗಳಿಂದ ಹಗಲು ರಾತ್ರಿ ಲಾರಿ ಓಡಿದವು. ಬಳ್ಳಾರಿಯಲ್ಲಿ ಸಾಲ ಮಾಡಿ ಲಾರಿ ತಗೊಂಡವರಿಗೆ ಲೆಕ್ಕವೇ ಇಲ್ಲ. ಗ್ಯಾರೇಜು, ಟೈರ್ ಅಂಗಡಿ, ಬಾಡಿ ಕಟ್ಟುವವರು, ಢಾಬಾ ಎಲ್ಲ ಹೊಸಪೇಟೆ ರಸ್ತೆಯ ಉದ್ದಕ್ಕೂ ಎದ್ದವು. ಊರ ಸುತ್ತ ಹೊಲಗಳಲ್ಲಿ ಕಲ್ಲು ನೆಟ್ಟು ಲೇಔಟ್ ಮಾಡಿದ್ದೂ ಆಗಲೇ. ಪಟ್ಟಣದ ಜನಸಂಖ್ಯೆ 2001ರಲ್ಲಿ ಸುಮಾರು 3 ಲಕ್ಷ 16 ಸಾವಿರ ಇದ್ದದ್ದು 2011ಕ್ಕೆ 4 ಲಕ್ಷ ದಾಟಿತು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೆಟ್ಟು ಹಂಚಿಕೆಯಾದ ರೀತಿ ನೋಡಿ. ಪೇಟೆಯ ಅಂಗಡಿಗೆ ಒಂದೆರಡು ಮಬ್ಬು ವರ್ಷ ಬಂದವು, ಆಮೇಲೆ ವ್ಯಾಪಾರ ಚೇತರಿಸಿಕೊಂಡಿತು. ಅಂಚಿನ ಬಡಾವಣೆಯಲ್ಲಿ ಕ್ಲೀನರ್, ಡ್ರೈವರ್, ವೆಲ್ಡರ್ ಆಗಿದ್ದವರಿಗೆ ಕೆಲಸವೇ ಹೋಯಿತು. ಲಾರಿಗಳು ಫೈನಾನ್ಸಿನವರ ಪಾಲಾದವು. ಅರ್ಧ ಕಟ್ಟಿದ ಮನೆಗಳು ಅರ್ಧಕ್ಕೇ ನಿಂತವು, ಕಂಬಿ ಮೇಲೆದ್ದು ತುಕ್ಕು ಹಿಡಿಯಿತು. ಲೇಔಟ್ ಮಾಡಿದವರು ಸೈಟು ಮಾರಿ ಹೋಗಿಯಾಗಿತ್ತು. ರಸ್ತೆ, ಚರಂಡಿ ಮಾಡುತ್ತೇವೆ ಎಂಬ ಮಾತು ಮಾತಾಗಿಯೇ ಉಳಿಯಿತು.

ಆಮೇಲೆ ಗಣಿಗಾರಿಕೆ ಮಿತಿಯೊಳಗೆ ಮತ್ತೆ ಶುರುವಾಯಿತು. 2022ರಲ್ಲಿ ರಫ್ತಿಗೂ ಕೋರ್ಟ್ ಅನುಮತಿ ಕೊಟ್ಟಿತು. ಆದರೆ ಬಿಟ್ಟುಹೋದ ಬಡಾವಣೆಗಳ ಕೆಲಸ ತಾನಾಗಿ ಯಾರೂ ಕೈಗೆತ್ತಿಕೊಳ್ಳಲಿಲ್ಲ.

ನೀವು 'ಅಂಚು' ಅನ್ನುವುದು ಯಾವ ಜಾಗಗಳಿಗೆ?

ಬಂಡಿಹಟ್ಟಿ, ಗುಗ್ಗರಹಟ್ಟಿ, ಮುಂಡ್ರಿಗಿ, ಆಂದ್ರಾಳ್, ಬೆಳಗಲ್ಲು ರಸ್ತೆ, ರೂಪನಗುಡಿ ರಸ್ತೆಯ ಕೊನೆಗಳು. ಕೆಲವು ಪಾಲಿಕೆಯೊಳಗಿವೆ, ಕೆಲವು ಗೆರೆಯ ಮೇಲಿವೆ. ಇನ್ನು ಕೌಲ್ ಬಜಾರ್‌ನ ಹಿಂಭಾಗದ ಓಣಿಗಳನ್ನೂ ನಾನು ಇದರಲ್ಲೇ ಸೇರಿಸುತ್ತೇನೆ. ಅವು ದೂರದಲ್ಲಿಲ್ಲ, ಹೊಸವೂ ಅಲ್ಲ. ಆದರೂ ಕಸದ ಗಾಡಿ, ನೀರು, ಬೀದಿದೀಪದ ವಿಷಯದಲ್ಲಿ ಅವರ ಪಾಡೂ ಊರಂಚಿನವರ ಪಾಡೇ.

ಹಾಗಂತ ಹೊರಗಿರುವ ಎಲ್ಲ ಜಾಗವೂ ನಿರ್ಲಕ್ಷ್ಯಕ್ಕೆ ಒಳಗಾಗಿದೆ ಅಂತಲ್ಲ. ಗೇಟು ಹಾಕಿಸಿಕೊಂಡ, ಸ್ವಂತ ಬೋರು, ಸ್ವಂತ ಕಾವಲು ಇರುವ ಲೇಔಟ್‌ಗಳು ಕೂಡ ಹೊರಗೇ ಇವೆ. ಅವರ ಮನೆಕೆಲಸಕ್ಕೆ ಬರುವವರು ಪಕ್ಕದ ನೀರಿಲ್ಲದ ಓಣಿಯಿಂದ ಬರುತ್ತಾರೆ.

ಜೀನ್ಸ್ ಉದ್ಯಮ ಇದೆಯಲ್ಲ, ಅದರಿಂದ ಅಂಚಿನ ಜನಕ್ಕೆ ಒಳ್ಳೆಯದೇ ಆಗಿದೆ ಅಲ್ವಾ?

ಒಳ್ಳೆಯದೂ ಆಗಿದೆ, ಕೆಟ್ಟದೂ ಆಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬಳ್ಳಾರಿ ಜೀನ್ಸ್‌ನ ಬೇರು ಇರುವುದು ಬ್ರಿಟಿಷ್ ಸೈನ್ಯಕ್ಕೆ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಕಸುಬಿನಲ್ಲಿ. ದಂಡು ಹೋಯಿತು, ಕೈಚಳಕ ಉಳಿಯಿತು. ಇವತ್ತು ಬಟ್ಟೆಯ ಥಾನು ಹೊರರಾಜ್ಯದ ಗಿರಣಿಗಳಿಂದ ಬರುತ್ತದೆ. ಕಟಿಂಗ್ ಮಾಸ್ಟರ್ ಕತ್ತರಿಸುತ್ತಾನೆ. ಆಮೇಲೆ ಹೊಲಿಗೆ ಒಂದೇ ಜಾಗದಲ್ಲಿ ಆಗುವುದಿಲ್ಲ. ಜೇಬು ಒಂದು ಕಡೆ, ಬೆಲ್ಟ್ ಇನ್ನೊಂದು ಕಡೆ, ಓವರ್‌ಲಾಕ್ ಮತ್ತೊಂದು ಮನೆಯಲ್ಲಿ, ಕಾಜಾ-ಗುಂಡಿ ಬೇರೆಯವರ ಹತ್ತಿರ. ಎಲ್ಲದಕ್ಕೂ ಪೀಸ್ ಲೆಕ್ಕದಲ್ಲಿ ಕೂಲಿ. ಮಾಲು ಕಟ್ಟಿ ಕಳಿಸುವ, ವ್ಯಾಪಾರ ಕುದುರಿಸುವ ಜಾಗ ಪೇಟೆ.

ಮಧ್ಯಾಹ್ನದ ಹೊತ್ತು ಕೌಲ್ ಬಜಾರ್‌ನ ಒಳ ಓಣಿಗೆ ಹೋಗಿ ನೋಡಿ. ಹೆಂಗಸರು ಬಾಗಿಲ ಮುಂದೆ ಗೋಣಿತಟ್ಟು ಹಾಸಿಕೊಂಡು ಕೂತಿರುತ್ತಾರೆ. ಒಂದು ಕಡೆ ಪ್ಯಾಂಟಿನ ಗುಡ್ಡೆ. ಒಂದೊಂದನ್ನೇ ತೊಡೆಯ ಮೇಲೆ ಎಳೆದುಕೊಂಡು, ಸಣ್ಣ ಕಟರ್‌ನಿಂದ ಹೊಲಿಗೆಯ ಕೊನೆಗೆ ಉಳಿದ ದಾರ ಕತ್ತರಿಸುತ್ತಾರೆ. ಮೊದಲು ಸೊಂಟದ ಸುತ್ತ, ಆಮೇಲೆ ಜೇಬಿನ ಮೂಲೆ, ಕೊನೆಗೆ ಕಾಲಿನ ಮಡಿಕೆ. ಕಣ್ಣು ಎತ್ತುವುದೇ ಇಲ್ಲ, ಮಾತು ಮಾತ್ರ ನಡೆದಿರುತ್ತದೆ. ಹೊಸ ಬಟ್ಟೆಯ ಬಣ್ಣ ಬಿಟ್ಟು ಬೆರಳ ತುದಿ ನೀಲಿಯಾಗಿರುತ್ತದೆ. ಅಡುಗೆಗೆ ಏಳುವಾಗ ಕೈ ಉಜ್ಜಿ ತೊಳೆಯಬೇಕು. ಅದಕ್ಕೂ ಕೊಡದ ನೀರು ಅಳೆದು ಹಾಕಬೇಕು.

ಇನ್ನು ವಾಷಿಂಗ್. ಗಡುಸಾದ ಬಟ್ಟೆ ಮೆತ್ತಗಾಗಲು, ಬಣ್ಣ ಮಾಸಿದ ಹಾಗೆ ಕಾಣಲು ಪ್ಯಾಂಟನ್ನು ದೊಡ್ಡ ಡ್ರಮ್ಮುಗಳಲ್ಲಿ ಬ್ಲೀಚು, ಎಂಜೈಮು, ಹಗುರ ಕಲ್ಲು ಹಾಕಿ ತಿರುಗಿಸುತ್ತಾರೆ. ತೊಡೆಯ ಭಾಗ ಬೆಳ್ಳಗಾಗಲು ಪೊಟ್ಯಾಷಿಯಂ ಪರ್ಮಾಂಗನೇಟ್ ಸಿಂಪಡಿಸುತ್ತಾರೆ. ಇದಕ್ಕೆ ನೀರು ವಿಪರೀತ ಬೇಕು. ಹೊರಬರುವ ನೀರು ನೀಲಿ, ಕಪ್ಪು. ಅದನ್ನು ಸರಿಯಾಗಿ ಶುದ್ಧ ಮಾಡದೆ ಬಿಟ್ಟರೆ ಹೋಗುವುದು ಅಂಚಿನ ಚರಂಡಿಗೆ, ಹಳ್ಳಕ್ಕೆ, ಅಲ್ಲಿಂದ ಹೊಲಕ್ಕೆ, ಬೋರಿಗೆ. ಪ್ಯಾಂಟು ಅಂಗಡಿಯ ಗಾಜಿನ ಹಿಂದೆ ನೇತಾಡುತ್ತದೆ, ತೊಳೆದ ನೀರು ಮಾತ್ರ ಬಡಾವಣೆಯಲ್ಲೇ ಉಳಿಯುತ್ತದೆ. ಪೇಟೆ ಮತ್ತು ಅಂಚಿನ ನಂಟು ಅಂದರೆ ನನಗೆ ಮೊದಲು ನೆನಪಾಗುವುದು ಇದೇ.

ಘಟಕ ಮುಚ್ಚಿಸಿ ಅಂತ ನಾನು ಕೇಳುವುದಿಲ್ಲ. ಹಾಗೆ ಮಾಡಿದರೆ ಮೊದಲು ಕೆಲಸ ಹೋಗುವುದು ಆ ಹೆಂಗಸರದ್ದು. ಒಬ್ಬೊಬ್ಬ ಸಣ್ಣ ಘಟಕದವನು ಶುದ್ಧೀಕರಣ ಯಂತ್ರ ಹಾಕಿಸುವಷ್ಟು ಶಕ್ತಿ ಇಟ್ಟುಕೊಂಡಿರುವುದಿಲ್ಲ. ಎಲ್ಲರಿಗೂ ಸೇರಿ ಒಂದು ಸಾಮೂಹಿಕ ಶುದ್ಧೀಕರಣ ಘಟಕ, ತೊಳೆದ ನೀರನ್ನೇ ಮತ್ತೆ ಬಳಸುವ ವ್ಯವಸ್ಥೆ, ಒಂದೇ ಜಾಗದಲ್ಲಿ ವಾಷಿಂಗ್: ದಾರಿ ಇದು. ಜೀನ್ಸ್ ಪಾರ್ಕ್ ಮಾಡುತ್ತೇವೆ ಎಂಬ ಘೋಷಣೆ 2023ರ ಚುನಾವಣೆಯ ಹೊತ್ತಿಗೆ ದೊಡ್ಡದಾಗಿ ಕೇಳಿಬಂತು. ಪಾರ್ಕು ಬಂದರೆ ಅದರಲ್ಲಿ ಮೊದಲ ಕಟ್ಟಡ ಶೋರೂಮ್ ಆಗಬಾರದು, ನೀರು ಶುದ್ಧ ಮಾಡುವ ಘಟಕ ಆಗಬೇಕು.

ನಮ್ಮ ಬಡಾವಣೆಗೆ ಯಾವಾಗಲೂ ನೀರು ಕೊನೆಗೆ ಯಾಕೆ?

ಬಳ್ಳಾರಿಗೆ ನೀರು ತುಂಗಭದ್ರಾ ಕಾಲುವೆಗಳಿಂದ. ಅಲ್ಲೀಪುರ ಮತ್ತು ಮೋಕಾ ಕೆರೆಗಳಲ್ಲಿ ತುಂಬಿಟ್ಟು, ಶುದ್ಧ ಮಾಡಿ, ಊರಿನ ಟ್ಯಾಂಕುಗಳಿಗೆ ಏರಿಸುತ್ತಾರೆ. ಕಾಲುವೆಯಲ್ಲಿ ವರ್ಷವಿಡೀ ನೀರು ಇರುವುದಿಲ್ಲ. ಬೇಸಿಗೆಯಲ್ಲಿ ಕಾಲುವೆ ಬಂದ್, ತುಂಬಿಟ್ಟದ್ದೇ ಗತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಜಿಲ್ಲೆ ಉಸಿರು ಬಿಗಿಹಿಡಿದು ಕೂತಿತ್ತು. ನಮ್ಮ ಊರಿನ ಕುಡಿಯುವ ನೀರು ಒಂದೇ ಅಣೆಕಟ್ಟಿಗೆ ಎಷ್ಟು ಗಟ್ಟಿಯಾಗಿ ಕಟ್ಟಿಕೊಂಡಿದೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಇಷ್ಟು ಇಡೀ ಊರಿನ ಕಷ್ಟ. ಅಂಚಿನ ಕಷ್ಟ ಬೇರೆ, ಅದು ಪೈಪಿನಲ್ಲಿದೆ. ನೀರು ಬಿಡುವುದು ದಿನವಿಡೀ ಅಲ್ಲ, ಕೆಲವೇ ಗಂಟೆ. ವಾಲ್ವ್ ತಿರುಗಿಸಿದ ಮೇಲೆ ಮೊದಲು ಖಾಲಿ ಪೈಪು ತುಂಬಬೇಕು. ಟ್ಯಾಂಕಿಗೆ ಹತ್ತಿರದ ಮನೆಗಳಿಗೆ ಒತ್ತಡದಿಂದ ಬರುತ್ತದೆ. ಅವರು ಸಂಪು ತುಂಬಿಸುತ್ತಾರೆ, ಕೆಲವರು ನಲ್ಲಿಗೇ ಮೋಟಾರ್ ಹಚ್ಚುತ್ತಾರೆ. ಕೊನೆಯ ಓಣಿಗೆ ನೀರು ತಲುಪುವ ಹೊತ್ತಿಗೆ ವಾಲ್ವ್ ಮುಚ್ಚುವ ಸಮಯ. ಮದುವೆ ಊಟದ ಪಂಕ್ತಿಯ ಕೊನೆಗೆ ಕೂತವರಿಗೆ ಬಡಿಸುವಾಗ ಪಾತ್ರೆಯ ತಳ ಕಾಣುತ್ತದಲ್ಲ, ಹಾಗೆ. ಪಾತ್ರೆ ದೊಡ್ಡದು ಮಾಡಿದರೂ ಬಡಿಸುವ ಕ್ರಮ ಬದಲಾಗದಿದ್ದರೆ ಕೊನೆಯವರ ಎಲೆ ಖಾಲಿಯೇ.

ಹಾಗಾಗಿ 'ನೀರು ಜಾಸ್ತಿ ಬಿಡಿ' ಅಂತ ಸುಮ್ನೆ ಕೇಳಿದರೆ ಪ್ರಯೋಜನ ಕಡಿಮೆ. ಕೇಳಬೇಕಾದ್ದು ಬೇರೆ ಇದೆ. ನಮ್ಮ ಓಣಿ ಯಾವ ಟ್ಯಾಂಕಿನ ಕೆಳಗೆ ಬರುತ್ತದೆ? ಆ ಟ್ಯಾಂಕು ಎಷ್ಟು ಮನೆಗೆ ಅಂತ ಕಟ್ಟಿದ್ದು, ಈಗ ಎಷ್ಟು ಮನೆ ಇವೆ? ಕೊನೆಯ ಓಣಿಗಳಿಗೆ ಬೇರೆ ವಾಲ್ವ್ ಇಟ್ಟು ಮೊದಲು ಬಿಡಲು ಆಗುತ್ತದಾ? ಬಿಡುವ ದಿನ, ಹೊತ್ತನ್ನು ಮೊದಲೇ ತಿಳಿಸಲು ಆಗುತ್ತದಾ? ಕೊನೆಯ ಈ ಒಂದರಿಂದಲೇ ಎಷ್ಟೋ ಮನೆಗಳಲ್ಲಿ ಹೆಂಗಸರ ಕೂಲಿ ಉಳಿಯುತ್ತದೆ. ನೀರು ಯಾವಾಗ ಬರುತ್ತದೋ ಅಂತ ಕೆಲಸಕ್ಕೆ ಹೋಗದೆ ಕಾಯುವುದು ಅಂಚಿನ ಮನೆಗಳಲ್ಲಿ ಯಾರೂ ಲೆಕ್ಕ ಹಿಡಿಯದ ಖರ್ಚು.

ಟ್ಯಾಂಕರ್ ಇದೆಯಲ್ಲ?

ಇದೆ. ದುಡ್ಡು ಕೊಟ್ಟರೆ ಬರುತ್ತದೆ. ಬಡವರು ನೀರಿಗೆ ಪೇಟೆಯವರಿಗಿಂತ ಜಾಸ್ತಿ ಕೊಡುವ ಹಾಗೆ ಮಾಡುವುದೇ ಅದು.

ತೆರಿಗೆ ಕಟ್ಟುತ್ತೇವೆ. ಆದರೂ 'ನಿಮ್ಮದು ಅನಧಿಕೃತ ಬಡಾವಣೆ' ಅಂತ ಹೇಳುತ್ತಾರೆ. ಇದು ನ್ಯಾಯವಾ?

ನನ್ನ ಪ್ರಕಾರ ಅಲ್ಲ. ಆದರೆ ಇದು ಹೇಗೆ ಆಯಿತು ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಹೊಲ ಮನೆ ಕಟ್ಟುವ ಜಾಗವಾಗಬೇಕಾದರೆ ಭೂ ಪರಿವರ್ತನೆ ಆಗಬೇಕು. ನಮ್ಮ ಕಡೆ ಅದನ್ನು ಎನ್.ಎ. ಅನ್ನುತ್ತಾರೆ. ಆಮೇಲೆ ಲೇಔಟ್ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಬುಡಾದ ಒಪ್ಪಿಗೆ ಬೇಕು. ರಸ್ತೆ, ಪಾರ್ಕು, ಸಾರ್ವಜನಿಕ ಜಾಗ ಬಿಟ್ಟುಕೊಡಬೇಕು. ಚರಂಡಿ, ನೀರು, ವಿದ್ಯುತ್ ಕಂಬ ಹಾಕಿ ಪಾಲಿಕೆಗೆ ಒಪ್ಪಿಸಬೇಕು. ಇದೆಲ್ಲ ಮಾಡಿದರೆ ಸೈಟಿನ ಬೆಲೆ ಏರುತ್ತದೆ. ಏನೂ ಮಾಡದೆ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಮಾರಿದರೆ ಅಗ್ಗ. ಜೀನ್ಸ್ ಹೊಲಿಯುವವರು, ಗೌಂಡಿ, ಆಟೊದವರು ಕೊಳ್ಳಲು ಆಗುವುದು ಅದನ್ನೇ. ನೋಂದಣಿ ಆಗುತ್ತದೆ, ಮುದ್ರಾಂಕ ಶುಲ್ಕ ಸರ್ಕಾರ ತಗೊಳ್ಳುತ್ತದೆ, ಜೆಸ್ಕಾಂ ಮೀಟರ್ ಕೂಡ ಬರುತ್ತದೆ. ರಸ್ತೆ ಕೇಳಿದಾಗ ಮಾತ್ರ ಬಡಾವಣೆ ಅನಧಿಕೃತ ಆಗುತ್ತದೆ. ದುಡ್ಡು ಮಾಡಿಕೊಂಡವರು ಪೇಟೆಯ ಒಳ್ಳೆಯ ರಸ್ತೆಯಲ್ಲಿ ಮನೆ ಕಟ್ಟಿಕೊಂಡು ಇರುತ್ತಾರೆ. ಶಿಕ್ಷೆ ಸೈಟು ಕೊಂಡವರಿಗೆ.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಾನೂನು ತಿದ್ದಿ, 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಇಂಥ ಆಸ್ತಿಗಳಿಗೆ ಬಿ-ಖಾತೆ (ಅನುಮೋದನೆ ಇಲ್ಲದ ಆಸ್ತಿಗಳನ್ನು ತೆರಿಗೆಗಾಗಿ ಬೇರೆಯಾಗಿ ಬರೆದಿಡುವ ಖಾತೆ) ಕೊಡಲು ನಗರಸಂಸ್ಥೆಗಳಿಗೆ ದಾರಿ ಮಾಡಿಕೊಟ್ಟಿತು. ಖಾತೆ ಸಿಕ್ಕರೆ ತೆರಿಗೆ ಪುಸ್ತಕದಲ್ಲಿ ನಿಮ್ಮ ಹೆಸರು ಬರುತ್ತದೆ. ಅದು ಸಣ್ಣ ವಿಷಯವಲ್ಲ. ಆದರೆ ಬಿ-ಖಾತೆಯಿಂದ ಬಡಾವಣೆಗೆ ಅನುಮೋದನೆ ಸಿಕ್ಕ ಹಾಗಾಗುವುದಿಲ್ಲ, ರಸ್ತೆಯೂ ತಾನಾಗಿ ಬರುವುದಿಲ್ಲ. ತೆರಿಗೆ ತಗೊಂಡ ಮೇಲೆ ಸೌಲಭ್ಯ ಕೊಡುವ ಹೊಣೆಯೂ ಬಂತು ಎಂದು ಒತ್ತಿ ಕೇಳುವ ಹಕ್ಕನ್ನು ನೀವು ಬಿಟ್ಟುಕೊಡಬೇಡಿ.

ಅಗ್ಗಕ್ಕೆ ಸೈಟು ಸಿಗುತ್ತಿದೆ. ಏನು ನೋಡಿ ತಗೊಳ್ಳಬೇಕು?

ಭೂ ಪರಿವರ್ತನೆ ಆದೇಶ, ಬುಡಾ ಒಪ್ಪಿದ ನಕ್ಷೆ, ಋಣಭಾರ ಪತ್ರ (ಸೈಟಿನ ಮೇಲೆ ಸಾಲಸೋಲ ಇದೆಯಾ ಅಂತ ತೋರಿಸುವ ಇ.ಸಿ.), ಇ-ಖಾತೆ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ, ಅಂದರೆ ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯ, ನಮೂನೆ 9 ಮತ್ತು 11ಎ ಕೇಳಿ. 11ಬಿ ಅಂತಿದ್ದರೆ ಎಚ್ಚರ, ಅದು ಅನುಮೋದನೆ ಇಲ್ಲದ ಆಸ್ತಿಗೆ ಕೊಡುವುದು. ಕಾಗದ ನೋಡಿದ ಮೇಲೆ ಜಾಗಕ್ಕೂ ಹೋಗಿ, ಸಾಧ್ಯವಾದರೆ ಮಳೆ ಬಂದ ಮಾರನೇ ದಿನ. ನೀರು ನಿಂತಿದೆಯಾ, ಹಳ್ಳದ ದಾರಿಗೆ ಮಣ್ಣು ತುಂಬಿ ಸೈಟು ಮಾಡಿದ್ದಾರಾ ಅಂತ ಆವತ್ತು ಕಣ್ಣಿಗೇ ಕಾಣುತ್ತದೆ. ಅಲ್ಲಿ ಈಗಾಗಲೇ ಇರುವ ಅಕ್ಕಂದಿರನ್ನು ನೀರಿನ ಬಗ್ಗೆ ಕೇಳಿ. ಏಜೆಂಟರಿಗಿಂತ ಅವರ ಮಾತು ನಂಬಬಹುದು.

ನಮ್ಮ ಓಣಿ ಪಾಲಿಕೆಗೆ ಸೇರಿದ್ದೋ ಪಂಚಾಯಿತಿಗೋ, ಹೇಗೆ ತಿಳಿಯುವುದು?

ತೆರಿಗೆ ರಸೀದಿ ನೋಡಿ. ಪಾಲಿಕೆಯದಾದರೆ ವಾರ್ಡ್ ಸಂಖ್ಯೆ ಇರುತ್ತದೆ. ಬಳ್ಳಾರಿ ಪಾಲಿಕೆಯಲ್ಲಿ ಒಟ್ಟು 39 ವಾರ್ಡ್‌ಗಳಿವೆ.

ಒಂದೇ ಊರಿಗೆ ಇಬ್ಬರು ಶಾಸಕರು ಯಾಕೆ? ಇದರಿಂದ ತೊಂದರೆಯಾ?

ಊರು ಬಳ್ಳಾರಿ ನಗರ ಮತ್ತು ಬಳ್ಳಾರಿ ಗ್ರಾಮೀಣ ಎಂಬ ಎರಡು ವಿಧಾನಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ಕೌಲ್ ಬಜಾರ್ ಕಡೆಯ ವಾರ್ಡ್‌ಗಳು ಗ್ರಾಮೀಣ ಕ್ಷೇತ್ರಕ್ಕೆ ಸೇರುತ್ತವೆ. ಊರಿನ ಅತಿ ಹಳೆಯ, ಅತಿ ಇಕ್ಕಟ್ಟಿನ ಪೇಟೆಗಳಲ್ಲಿ ಒಂದು ಮತಪಟ್ಟಿಯಲ್ಲಿ ಗ್ರಾಮೀಣ!

ಇಬ್ಬರಿದ್ದರೆ ಎರಡು ಕಡೆಯಿಂದ ಕೆಲಸ ಆಗಬೇಕಿತ್ತು. ಆದರೆ ಗೆರೆಯ ಮೇಲಿರುವ ರಸ್ತೆ, ರಾಜಕಾಲುವೆಗಳ ವಿಷಯ ಬಂದಾಗ 'ಅದು ಅವರ ಕಡೆ' ಅನ್ನುವುದು ಸುಲಭವಾಗುತ್ತದೆ. ರಾಜಕಾಲುವೆ ಕ್ಷೇತ್ರ ನೋಡಿ ಹರಿಯುವುದಿಲ್ಲ. ಇಂಥ ಕೆಲಸಕ್ಕೆ ಅರ್ಜಿ ಕೊಡುವಾಗ ಇಬ್ಬರಿಗೂ, ಪಾಲಿಕೆ ಆಯುಕ್ತರಿಗೂ ಒಂದೇ ಅರ್ಜಿಯ ಪ್ರತಿ ಕೊಡಿ.

ಓಡಾಟದ ಬಗ್ಗೆ ಏನು ಹೇಳುತ್ತೀರಿ?

ಊರನ್ನು ರೈಲು ಹಳಿ ಸೀಳಿಕೊಂಡು ಹೋಗುತ್ತದೆ. ಹತ್ತಿ ಕಾಲದಲ್ಲಿ ಹಳಿ ಪಕ್ಕ ಇರುವುದೇ ಭಾಗ್ಯ. ಈಗ ಆಚೆ ಕಡೆ ಮನೆ ಇದ್ದವರಿಗೆ ಅದೇ ಅಡ್ಡಗೋಡೆ. ಸುಧಾ ಕ್ರಾಸ್ ಗೇಟಿನಲ್ಲಿ ಆಂಬುಲೆನ್ಸ್ ಕಾದದ್ದು, ಮಳೆಗೆ ದುರ್ಗಮ್ಮ ಗುಡಿ ಹತ್ತಿರದ ಅಂಡರ್‌ಬ್ರಿಡ್ಜ್ ತುಂಬಿ ದಾರಿ ಬಂದಾದದ್ದು ಬಳ್ಳಾರಿಯಲ್ಲಿ ಯಾರಿಗೆ ಗೊತ್ತಿಲ್ಲ? ನಗರ ಬಸ್ಸು ಮುಖ್ಯ ರಸ್ತೆಗಳಿಗೆ ಸೀಮಿತ. ಒಳಗಿನ ಬಡಾವಣೆಗೆ ಆಟೊವೇ ಗತಿ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಮನೆಗೆ ಹೋಗುವ ಸೇಲ್ಸ್ ಹುಡುಗಿಯರಿಗೆ ಆ ಹೊತ್ತಿನಲ್ಲಿ ಒಂದು ಬಸ್ಸು ಬೇಕು. ಮೇಲ್ಸೇತುವೆಗಿಂತ ಕಡಿಮೆ ಖರ್ಚಿನಲ್ಲಿ, ಬೇಗ ಆಗುವ ಕೆಲಸ ಅದು.

ಗಣಿ ಹಣ ಅಂತ ಕೋಟಿಗಟ್ಟಲೆ ಇದೆ ಅನ್ನುತ್ತಾರೆ. ಅದು ನಮ್ಮ ಬಡಾವಣೆಗೆ ಬರುವುದಿಲ್ವಾ?

ಎರಡು ನಿಧಿಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಮೊದಲನೆಯದು ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ಕಾನೂನು ತಿದ್ದುಪಡಿಯಿಂದ ಬಂದದ್ದು. ಗಣಿ ಕಂಪನಿಗಳು ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಧನದ ಜೊತೆಗೆ ಇದಕ್ಕೂ ಪಾಲು ಕಟ್ಟಬೇಕು: ಹಳೆಯ ಗುತ್ತಿಗೆಗಳಿಗೆ ರಾಯಧನದ 30%, ಹರಾಜಿನಲ್ಲಿ ಪಡೆದವಕ್ಕೆ 10%. ಕುಡಿಯುವ ನೀರು, ಆರೋಗ್ಯ, ಶಾಲೆ, ನೈರ್ಮಲ್ಯದಂಥ ಕೆಲಸಗಳಿಗೆ ಇದರ ದೊಡ್ಡ ಪಾಲು ಹೋಗಲೇಬೇಕು. ಮೊದಲು ಕನಿಷ್ಠ 60% ಇದ್ದದ್ದನ್ನು ಆಮೇಲೆ 70%ಗೆ ಏರಿಸಿದ್ದಾರೆ. ಎರಡನೆಯದು ಸುಪ್ರೀಂ ಕೋರ್ಟ್ ನಿಗಾದಲ್ಲಿರುವ ಗಣಿ ಪರಿಸರ ಪುನಶ್ಚೇತನ ನಿಗಮದ ಹಣ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸೇರಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಕೋರ್ಟ್ ಒಪ್ಪಿಗೆ ಕೊಟ್ಟಿತು.

ಎರಡೂ ಗಣಿಯಿಂದ ಪೆಟ್ಟು ತಿಂದ ಜಾಗಗಳಿಗೆ. ಗಣಿ ಪಕ್ಕದ ಸಂಡೂರಿನ ಹಳ್ಳಿಗಳ ಹಕ್ಕು ಮೊದಲನೆಯದು, ಅದನ್ನು ಕಿತ್ತುಕೊಳ್ಳುವ ಮಾತು ಬೇಡ. ಆದರೆ ಅದಿರು ಲಾರಿಯ ಧೂಳು ಕುಡಿದ ಊರಂಚಿನ ರಸ್ತೆಗಳೂ ಇವೆ. ಈ ಹಣದಲ್ಲಿ ಪೇಟೆಯ ಸರ್ಕಲ್ ಅಲಂಕಾರ ಮಾಡುವ ಪ್ರಸ್ತಾಪ ಬಂದರೆ ಜನ ಎದ್ದು ಕೇಳಬೇಕು. ಸಂವಿಧಾನದ 371(ಜೆ) ಕಲಮಿನಡಿ ಬರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನಕ್ಕೂ ಇದೇ ಮಾತು.

ಹಾಗಾದರೆ ಪೇಟೆಗೆ ಖರ್ಚು ಮಾಡುವುದೇ ತಪ್ಪಾ? ನಾವು ವ್ಯಾಪಾರಸ್ಥರೂ ಕಷ್ಟದಲ್ಲಿದ್ದೇವೆ.

ತಪ್ಪಲ್ಲ. ತೇರು ಬೀದಿ, ಬೆಂಗಳೂರು ರಸ್ತೆಯ ಸಣ್ಣ ಅಂಗಡಿಯವರಿಗೆ ಆನ್‌ಲೈನ್ ಪೈಪೋಟಿ ಇದೆ, ಪಾರ್ಕಿಂಗ್ ಇಲ್ಲ, ಬಾಡಿಗೆ ಏರಿದೆ. ಅವರನ್ನು ಅಂಚಿನವರ ಎದುರಾಳಿ ಮಾಡಬಾರದು. ಅವರ ಗಿರಾಕಿಗಳೇ ಅಂಚಿನವರು. ಸಂಬಳ ಆದ ವಾರ, ಹಬ್ಬದ ಹಿಂದಿನ ದಿನ ಅಂಗಡಿ ತುಂಬುವುದು ಯಾರಿಂದ? ನೀರಿಗೆ, ಆಟೊಗೆ, ರಸ್ತೆ ಗುಂಡಿಯಿಂದ ಕೆಟ್ಟ ಬೈಕಿಗೆ ಹೋದ ದುಡ್ಡು ಅಂಗಡಿಗೆ ಬರುವುದಿಲ್ಲ. ಬಜಾರದ ಸಂಘದವರು ಅಂಚಿನ ನೀರಿಗಾಗಿ ಒಂದು ಮನವಿಗೆ ಸಹಿ ಹಾಕಿದರೆ ಅದಕ್ಕೆ ನಮ್ಮ ನೂರು ಸಹಿಗಿಂತ ಜಾಸ್ತಿ ತೂಕ. ಕೇಳಲು ಸಂಕೋಚ ಬೇಡ.

ಬೇರೆ ಊರುಗಳಲ್ಲೂ ಹೀಗೇನಾ?

ಪ್ರತಿ ಊರಿನದು ಒಂದೊಂದು ಬಗೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 1950ರಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಕಾರು ಕಾರ್ಖಾನೆ ಕುಸಿದ ಮೇಲೆ ಅನುಕೂಲಸ್ಥರು ಹೊರಗಿನ ಬಡಾವಣೆಗಳಿಗೆ ಹೋದರು, ಬಡವರು ನಡುವೆ ಉಳಿದರು. 2013ರಲ್ಲಿ ಆ ನಗರ ದಿವಾಳಿ ಅರ್ಜಿ ಹಾಕಿತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಿರುಗಾಮುರುಗಾ. ಹಡಗು ಕಟ್ಟುವ ಆ ಊರು ತನ್ನ ಕೊಳಚೆ ಓಣಿಗಳ ಜನರನ್ನು ಈಸ್ಟರ್‌ಹೌಸ್, ಡ್ರಮ್‌ಚಾಪೆಲ್ ಎಂಬ ಅಂಚಿನ ವಸತಿಗಳಿಗೆ ಸಾಗಿಸಿತು. ಮನೆ ಕೊಟ್ಟರು, ಅಂಗಡಿ, ಕೆಲಸ ಹತ್ತಿರ ಇರಲಿಲ್ಲ. ಆಮೇಲೆ ನಗರದ ನಡುಭಾಗವನ್ನು ಚೆಂದ ಮಾಡಿ, 1990ರಲ್ಲಿ ಯುರೋಪಿನ ಸಾಂಸ್ಕೃತಿಕ ನಗರ ಎಂಬ ಹೆಸರು ಪಡೆದರು. ಅಂಚಿನ ವಸತಿಗಳವರಿಗೆ ಇದರಿಂದ ಏನು ಸಿಕ್ಕಿತು ಅನ್ನುವ ಪ್ರಶ್ನೆ ಅಲ್ಲಿ ಆಗಲೇ ಎದ್ದಿತು. ಮುಂಬೈಯಲ್ಲಿ 1982ರ ಗಿರಣಿ ಮುಷ್ಕರದ ನಂತರ ಪರೇಲ್‌ನ ಗಿರಣಿ ಜಾಗದಲ್ಲಿ ಮಾಲುಗಳು ಎದ್ದವು. ಎಷ್ಟೋ ಗಿರಣಿ ಕುಟುಂಬಗಳು ದೂರದ ಉಪನಗರಗಳಿಗೆ ಸರಿದವು.

ಮುಂಬೈ, ಗ್ಲಾಸ್ಗೋ ಎರಡರ ನೆರಳೂ ಬಳ್ಳಾರಿಯ ಮೇಲೆ ಬಿದ್ದಿದೆ. ಬಡವರಿಗೆ ಮನೆ ಕಟ್ಟುವ ಮಾತು ಬಂದಾಗಲೆಲ್ಲ ಊರಾಚೆಯ ಜಾಗ ಹುಡುಕುವುದು ನಮ್ಮಲ್ಲೂ ರೂಢಿ. ಮನೆಯ ಜೊತೆಗೇ ಬಸ್ಸು, ಶಾಲೆ, ರೇಷನ್ ಅಂಗಡಿ, ನೀರು ಇರದಿದ್ದರೆ ಕೊಟ್ಟ ಮನೆಗೆ ಬೀಗ ಬೀಳುತ್ತದೆ. ಜನ ಮತ್ತೆ ಪೇಟೆಯ ಪಕ್ಕದ ಶೆಡ್ಡಿಗೆ ಬರುತ್ತಾರೆ.

ಯೋಜನೆ ಮಾಡುವಾಗ ನಮ್ಮನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಅನ್ನಿಸುತ್ತದೆ. ನಿಜವಾ?

ಅಕ್ಷರಶಃ ನಿಜ. 2021ರ ಜನಗಣತಿ ನಡೆಯಲೇ ಇಲ್ಲ. ಹಾಗಾಗಿ ಎಷ್ಟೋ ಲೆಕ್ಕಾಚಾರಗಳಿಗೆ ಈಗಲೂ 2011ರ ಸಂಖ್ಯೆಯೇ ಆಧಾರ. ಪೇಟೆಯ ಹಳೆ ಓಣಿಗಳಲ್ಲಿ ಅಷ್ಟೊಂದು ವ್ಯತ್ಯಾಸ ಆಗಿಲ್ಲ. 2011ರಲ್ಲಿ ಜೋಳದ ಹೊಲವಾಗಿದ್ದ ಜಾಗದಲ್ಲಿ ಈಗ ಓಣಿ ಓಣಿ ಮನೆ ಇವೆ. ಆ ಜನ ಅಂಕಿಯಲ್ಲಿ ಇಲ್ಲ. ಮುಂದಿನ ಗಣತಿಯವರು ಬಂದಾಗ ಬಾಡಿಗೆಯವರು, ಕೆಲಸಕ್ಕೆ ಬಂದವರು, ಶೆಡ್ಡಿನಲ್ಲಿ ಇರುವವರು ಎಲ್ಲರೂ ಬರೆಸಿ. ಓಣಿಯಲ್ಲಿ ಯಾರಾದರೂ ಒಬ್ಬರು ಜೊತೆಗೆ ನಿಂತು ಮನೆ ಬಿಟ್ಟುಹೋಗದ ಹಾಗೆ ನೋಡಿಕೊಂಡರೆ ಒಳ್ಳೆಯದು.

ವಾರ್ಡ್ ಸಮಿತಿ ಅಂದರೇನು? ನಾವು ಸೇರಬಹುದಾ?

3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ರಾಜ್ಯದ ಪಾಲಿಕೆ ಕಾನೂನಿನಲ್ಲೂ ಇದಕ್ಕೆ ಜಾಗ ಇದೆ. ವಾರ್ಡಿನಿಂದ ಗೆದ್ದ ಪಾಲಿಕೆ ಸದಸ್ಯರು ಅಧ್ಯಕ್ಷರು, ಜೊತೆಗೆ ವಾರ್ಡಿನ 10 ಜನ. ಅವರಲ್ಲಿ ಕನಿಷ್ಠ 3 ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದ 2 ಜನ ಇರಬೇಕು. ತಿಂಗಳಿಗೊಮ್ಮೆ ಸಭೆ ಸೇರಬೇಕು. ನಿಮ್ಮ ವಾರ್ಡಿನಲ್ಲಿ ಸಮಿತಿ ಆಗಿದೆಯಾ, ಸಭೆ ನಡೆದಿದೆಯಾ ಅಂತ ಪಾಲಿಕೆಯಲ್ಲಿ ವಿಚಾರಿಸಿ. ಆಗಿಲ್ಲದಿದ್ದರೆ ಮೊದಲ ಅರ್ಜಿ ಅದರದ್ದೇ ಆಗಲಿ. ದಾರ ಕತ್ತರಿಸುವ ಒಬ್ಬ ಹೆಂಗಸು, ಒಬ್ಬ ಪೌರಕಾರ್ಮಿಕರು ಆ ಸಮಿತಿಯಲ್ಲಿ ಕೂತರೆ ಚರ್ಚೆಯ ವಿಷಯವೇ ಬದಲಾಗುತ್ತದೆ.

ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಇನ್ನೇನು ಮಾಡುವುದು?

ಒಂದು ಅರ್ಜಿಯಲ್ಲಿ ಹತ್ತು ಬೇಡಿಕೆ ಬರೆಯಬೇಡಿ. ಅಂಥದ್ದು ಹತ್ತು ಮೇಜು ಸುತ್ತಿ ಎಲ್ಲೋ ಮಲಗುತ್ತದೆ. ಒಂದು ಅರ್ಜಿಗೆ ಒಂದೇ ಕೆಲಸ: ಇಂಥ ಓಣಿಯ ವಾಲ್ವ್, ಇಂಥ ಕಂಬದ ದೀಪ, ಇಂಥ ಮೋರಿಯ ಹೂಳು. ಜಾಗದ ಫೋಟೊ ಹಚ್ಚಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಕಳೆದ ವರ್ಷ ನಿಮ್ಮ ವಾರ್ಡಿಗೆ ಎಷ್ಟು ಹಣ ಬಂತು, ಪೇಟೆಯ ಒಂದು ವಾರ್ಡಿಗೆ ಎಷ್ಟು ಹೋಯಿತು, ಯಾವ ಕೆಲಸಕ್ಕೆ ಅಂತ ಕೇಳಿ. ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಓಣಿಯ ಕಿರಾಣಿ ಅಂಗಡಿಯ ಬಾಗಿಲಿಗೆ ಅಂಟಿಸಿ. ಮುಂದಿನ ಸಲ ಮತ ಕೇಳಲು ಬಂದವರ ಕೈಗೂ ಅದರ ಪ್ರತಿ ಕೊಡಿ.